ಎಚ್-ಇಂಡೆಕ್ಸ್ 52ರ ಗೈಡ್ ಬೇಕಾ, 11ರ ಗೈಡ್ ಬೇಕಾ?

ಪ್ರಶ್ನೆ: ನಾನು ಅಂಕೋಲಾದವಳು. ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರ ಎಂ.ಎಸ್ಸಿ. ಮುಗಿಸಿದ್ದೇನೆ. ಜೆಆರ್‌ಎಫ್ (ಸಂಶೋಧನೆ ಮಾಡಲು ಸಿಗುವ ಫೆಲೋಶಿಪ್) ಕೂಡ ಆಗಿದೆ. ಪಿಎಚ್.ಡಿ.ಗೆ ಇಬ್ಬರು ಗೈಡ್ ಒಪ್ಪಿದ್ದಾರೆ. ಮೊದಲನೆಯವರು ಹೊರ ರಾಜ್ಯದವರು, ಸಮುದ್ರದ ಪಾಚಿಯಿಂದ ನ್ಯಾನೋ ಕಣ ಮಾಡುವ ಕೆಲಸ. 410 ಪೇಪರ್, ಎಚ್-ಇಂಡೆಕ್ಸ್ 52. 'ವಿಶ್ವದ ಅಗ್ರ ಶೇ. 2 ವಿಜ್ಞಾನಿಗಳ' ಪಟ್ಟಿಯಲ್ಲಿ ಹೆಸರಿದೆ. ಎರಡನೆಯವರು ಇಲ್ಲೇ ಕರಾವಳಿಯವರು. ಇಪ್ಪತ್ತು ವರ್ಷದಿಂದ ಅಳಿವೆಯ ಚಿಪ್ಪುಜೀವಿಗಳ ಮೇಲೆ ಕೆಲಸ ಮಾಡಿದ್ದಾರೆ. 38 ಪೇಪರ್, ಎಚ್-ಇಂಡೆಕ್ಸ್ 11. ನನಗೆ ಇಷ್ಟ ಇರುವುದು ಎರಡನೆಯವರ ಕೆಲಸ. ಮಾವ ಮಾತ್ರ, "52 ಸರಾಸರಿ ಇರೋನನ್ನ ಬಿಟ್ಟು 11 ಇರೋನನ್ನ ಟೀಮಿಗೆ ಯಾರಾದ್ರೂ ತಗೊಳ್ತಾರಾ?" ಅಂತ ಕೇಳುತ್ತಾರೆ. ಈ ನಡುವೆ ನನಗೂ ಒಂದು ಇಮೇಲ್ ಬಂದಿದೆ. ಹಣ ಕಟ್ಟಿದರೆ ವಿಜ್ಞಾನಿಗಳ ರ‍್ಯಾಂಕಿಂಗ್‌ನಲ್ಲಿ ನನ್ನ ಹೆಸರೂ ಸೇರುತ್ತದಂತೆ. ನನ್ನದು ಇರುವುದೇ ಒಂದು ಪೇಪರ್! ಈ ಅಂಕಿಗಳನ್ನು ಎಷ್ಟು ನಂಬಬೇಕು? ಇಬ್ಬರ ಪೇಪರ್ ಪಟ್ಟಿ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಮಾವನ ಕ್ರಿಕೆಟ್ ಲೆಕ್ಕದಿಂದಲೇ ಶುರು ಮಾಡೋಣ. ಅವರು ಒಂದು ಪ್ರಶ್ನೆ ಕೇಳಿಲ್ಲ. ಆ 11 ಬ್ಯಾಟಿಂಗ್ ಸರಾಸರಿಯೋ, ಬೌಲಿಂಗ್ ಸರಾಸರಿಯೋ? ಬೌಲಿಂಗ್‌ನಲ್ಲಿ 11 ಸರಾಸರಿ ಇರುವವನು ಸಿಕ್ಕರೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. 52 ಇದ್ದರೆ ಮನೆಗೆ ಕಳಿಸುತ್ತಾರೆ. ಅಂಕಿ ಯಾವ ಕಾಲಮ್ಮಿನದು ಅಂತ ಗೊತ್ತಿಲ್ಲದೆ ಹೋಲಿಸಿದರೆ ಎಡವಟ್ಟಾಗುತ್ತದೆ.

ನಿಮ್ಮ ಪತ್ರ ಎರಡು ಸಲ ಓದಿದೆ. ಅಂಕಿ ನಂಬಬೇಕಾ ಅಂತ ಕೇಳಿದ್ದೀರಿ ನಿಜ, ಆದರೆ ಒಳಗಿನ ಭಯ ಬೇರೆ ಅನ್ನಿಸಿತು. ಇಷ್ಟದ ಕೆಲಸ ಅಂತ ಹೋಗಿ, ಐದು ವರ್ಷ ಅಳಿವೆಯ ಕೆಸರಲ್ಲಿ ಕಳೆದು, ಕೊನೆಗೆ ನೌಕರಿ ಸಿಗದೆ ಹೋದರೆ? "ಅವತ್ತೇ ಹೇಳಿದ್ದೆ" ಅನ್ನುವ ಮಾತು ಕೇಳಬೇಕಲ್ಲ. ಈ ಭಯ ಸುಮ್ನೆ ಅಲ್ಲ. ಅದಕ್ಕೆ ಬರುತ್ತೇನೆ. ಮೊದಲು ಅಂಕಿ ಬಿಡಿಸೋಣ.

ನಾನು ಮೂವತ್ತು ವರ್ಷ ವಿಜ್ಞಾನದ ಲೈಬ್ರರಿಗಳಲ್ಲಿ ಕೆಲಸ ಮಾಡಿ ಈಗ ಶಿರಸಿ ಹತ್ತಿರದ ಊರಿಗೆ ಬಂದಿದ್ದೇನೆ. ಕೊನೆಯ ಹನ್ನೆರಡು ವರ್ಷ ನನ್ನ ಕೆಲಸವೇ ಸೈಟೇಶನ್ ಎಣಿಸುವುದು, ಅಂದರೆ ಒಂದು ಪೇಪರನ್ನು ಬೇರೆ ಎಷ್ಟು ಪೇಪರ್‌ಗಳು ಉಲ್ಲೇಖಿಸಿವೆ ಅನ್ನುವ ಲೆಕ್ಕ. ಬಡ್ತಿ ಬೇಕಾದವರು, ಪ್ರಾಜೆಕ್ಟ್ ಹಾಕುವವರು, ಎಲ್ಲರೂ ಫೈಲ್ ಹಿಡಿದು ನಮ್ಮ ಟೇಬಲ್ಲಿಗೇ ಬರುತ್ತಿದ್ದರು.

ಎಚ್-ಇಂಡೆಕ್ಸ್ 11 ಅಂದರೆ, ಕನಿಷ್ಠ 11 ಉಲ್ಲೇಖ ಸಿಕ್ಕ ಪೇಪರ್ 11 ಇವೆ ಅಂತ. ನಿಮ್ಮ ಎರಡನೇ ಗೈಡ್ ಪೇಪರ್‌ಗಳನ್ನು ಜಾಸ್ತಿ ಉಲ್ಲೇಖ ಸಿಕ್ಕಿದ್ದು ಮೇಲೆ ಬರುವಂತೆ ಜೋಡಿಸಿದೆ. ಹೀಗಿದೆ: 143, 61, 40, 33, 27, 22, 19, 16, 14, 12, 11, 9, 7... ಈಗ ಮೇಲಿನಿಂದ ಎಣಿಸುತ್ತಾ ಬನ್ನಿ. ಹನ್ನೊಂದನೇ ಪೇಪರ್‌ಗೆ 11 ಉಲ್ಲೇಖ ಇದೆ. ಹನ್ನೆರಡನೆಯದಕ್ಕೆ ಕನಿಷ್ಠ 12 ಬೇಕಿತ್ತು, ಇರುವುದು 9. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 11. ಇಷ್ಟೇ ಲೆಕ್ಕ, ಕ್ಯಾಲ್ಕುಲೇಟರ್ ಕೂಡ ಬೇಡ. ಮೇಲಿನ ಆ 143 ಇದೆಯಲ್ಲ, ಅದು 1,430 ಆಗಿದ್ದರೂ ಉತ್ತರ 11ರಲ್ಲೇ ಇರುತ್ತಿತ್ತು. ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಅಳತೆ ನೋಡುವುದೇ ಇಲ್ಲ. ಇನ್ನೊಂದು ವಿಷಯ, ಎಚ್-ಇಂಡೆಕ್ಸ್ ಏರುತ್ತದೆ, ತಾನಾಗಿ ಇಳಿಯುವುದಿಲ್ಲ. ನಿವೃತ್ತಿಯಾಗಿ ತೋಟ ನೋಡಿಕೊಂಡಿರುವವರದೂ ಏರುತ್ತಿರುತ್ತದೆ. ತೀರಿಹೋದವರದೂ ಏರುತ್ತದೆ.

ಇದನ್ನು 2005ರಲ್ಲಿ ಮುಂದಿಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಭೌತಶಾಸ್ತ್ರಜ್ಞ ಜಾರ್ಜ್ ಹಿರ್ಷ್. ಅವರ ಆ ಮೊದಲ ಪೇಪರ್‌ನಲ್ಲೇ ನಿಮ್ಮ ಮಾವನಿಗೆ ಬೇಕಾದ ಉತ್ತರ ಇದೆ. ಭೌತಶಾಸ್ತ್ರದಲ್ಲಿ ಅವರಿಗೆ ಸಿಕ್ಕ ಅತಿ ದೊಡ್ಡ ಅಂಕಿ ಎಡ್ವರ್ಡ್ ವಿಟನ್ ಅವರದು, 110. ಜೀವವಿಜ್ಞಾನದಲ್ಲಿ ಸಾಲೊಮನ್ ಸ್ನೈಡರ್ ಅವರದು, 191. ಸ್ನೈಡರ್ ಅವರು ವಿಟನ್‌ಗಿಂತ ಮುಕ್ಕಾಲು ಪಾಲು ಜಾಸ್ತಿ ದೊಡ್ಡ ವಿಜ್ಞಾನಿ ಅಂತ ಅರ್ಥನಾ? ಯಾರೂ ಹಾಗೆ ಹೇಳುವುದಿಲ್ಲ. ಹಿರ್ಷ್ ಕೂಡ ಹೇಳಲಿಲ್ಲ. ಜೀವವಿಜ್ಞಾನದ ಅಂಕಿಗಳೇ ದೊಡ್ಡವು ಅಂದರು, ಅಷ್ಟೇ. ಹದಿನೈದು ವರ್ಷ ಕಳೆದ ಮೇಲೆ, 2020ರಲ್ಲಿ, ತಾನು ಕಟ್ಟಿದ ಅಳತೆ ಕೆಲವೆಡೆ ಪೂರ್ತಿ ದಾರಿ ತಪ್ಪಿಸುತ್ತದೆ, ಅದರಿಂದ ಕೆಟ್ಟ ಪರಿಣಾಮಗಳೂ ಆಗಬಹುದು ಅಂತ ಅವರೇ ಬರೆದರು.

ಯಾಕೆ ಹೀಗೆ ಅಂದರೆ, ಸೈಟೇಶನ್ ಎಣಿಸುವುದು ಕೆಲಸವನ್ನಲ್ಲ, ಆ ಕೆಲಸದ ಸುತ್ತ ಸೇರಿದ ಜನರನ್ನು. ನ್ಯಾನೋ ಕಣದ ಪೇಪರ್ ಬರೆಯುವ ಲ್ಯಾಬ್‌ಗಳು ಊರೂರಲ್ಲಿವೆ. ಒಬ್ಬರು ಬರೆದದ್ದನ್ನು ಮುಂದಿನ ವರ್ಷವೇ ನೂರು ಜನ ತಮ್ಮ ಪೇಪರ್ ಕೊನೆಯ ಪಟ್ಟಿಯಲ್ಲಿ ಹಾಕುತ್ತಾರೆ. ನಮ್ಮ ಅಳಿವೆಗಳ ಬಳಚು ಅನ್ನುವ ಚಿಪ್ಪುಜೀವಿಯ ಮೇಲೆ ಕೆಲಸ ಮಾಡುವವರೆಲ್ಲ ಒಂದು ದಿಬ್ಬಣದ ಬಸ್ಸಿನಲ್ಲಿ ಹಿಡಿಸುತ್ತಾರೆ, ಸೀಟೂ ಉಳಿಯುತ್ತದೆ. ಅವರಲ್ಲಿ ಎಲ್ಲರೂ ಇನ್ನೊಬ್ಬರ ಎಲ್ಲ ಪೇಪರನ್ನು ಉಲ್ಲೇಖಿಸಿದರೂ ಅಂಕಿ ಎಲ್ಲಿಗೆ ಮುಟ್ಟೀತು? ಮಾರಿಕಾಂಬಾ ಜಾತ್ರೆಯಲ್ಲಿ ಹಾಕಿದ ಅಂಗಡಿಯ ವ್ಯಾಪಾರವನ್ನು ಹಳ್ಳಿ ಕ್ರಾಸಿನ ಅಂಗಡಿಯ ವ್ಯಾಪಾರದ ಜೊತೆ ಇಟ್ಟು, ಯಾರ ಮಾಲು ಚೆನ್ನಾಗಿದೆ ಅಂತ ತೀರ್ಮಾನ ಮಾಡಿದ ಹಾಗೆ ಇದು.

ನಮ್ಮ ಘಟ್ಟದ ಮೇಲಿನ ಉದಾಹರಣೆ ಕೊಡುತ್ತೇನೆ. ಈ ಕಡೆ ಮಳೆಗಾಲದಲ್ಲಿ ಅಡಿಕೆ ಕೊನೆಗೆ ಮದ್ದು ಹೊಡೆಯದ ಮನೆ ಇಲ್ಲ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಇದೇ ಬೋರ್ಡೋ ಮದ್ದು. ಕೊಳೆರೋಗದ ಬೇರು ಹುಡುಕಿ ಬೋರ್ಡೋ ಸಿಂಪಡಣೆಯನ್ನು ಮೈಸೂರು ಸೀಮೆಯ ತೋಟಗಳಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದವರು, 1910ರ ಸುಮಾರಿಗೆ. ನೂರು ವರ್ಷ ಮೀರಿದೆ, ಲಕ್ಷಾಂತರ ಮರಗಳ ಫಸಲು ಉಳಿದಿದೆ. ಆದರೆ ಕೊನೆಗೌಡ ಮರ ಹತ್ತುವಾಗ ಕೋಲ್ಮನ್ ಅವರನ್ನು ಸೈಟ್ ಮಾಡುವುದಿಲ್ಲ! ಬಳಕೆಗೆ ಬಂದು ಮೈಗೂಡಿದ ಜ್ಞಾನಕ್ಕೆ ಯಾರೂ ಉಲ್ಲೇಖ ಕೊಡುವುದಿಲ್ಲ. ಇನ್ನೊಂದು, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ (ರಾಂಪತ್ರೆ ಮರಗಳ ಜೌಗು ಕಾಡಿನಲ್ಲಿ) ಒಂದು ಮರ ಸಿಕ್ಕಿ, 2000ರಲ್ಲಿ ಅದನ್ನು ಹೊಸ ಪ್ರಭೇದ ಅಂತ ವಿವರಿಸಿದರು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕಾಡಿನ ಬಗ್ಗೆ ಬರೆಯುವವರು ಆ ಹೆಸರನ್ನು ಬಳಸುತ್ತಾರೆ. ಹೆಸರಿಟ್ಟ ಮೂಲ ಪೇಪರನ್ನು ಕೊನೆಯ ಪಟ್ಟಿಯಲ್ಲಿ ಹಾಕುವ ರೂಢಿ ಕಡಿಮೆ. ಪ್ರಭೇದ ಗುರುತಿಸುವ ಕೆಲಸ ಮಾಡುವವರ ಅಂಕಿ ಎಲ್ಲ ಕಡೆ ಹೀಗೆ ಸೊರಗಿರುತ್ತದೆ.

ಇದರ ಉಲ್ಟಾ ಕೂಡ ಇದೆ. ಇತಿಹಾಸದಲ್ಲೇ ಜಾಸ್ತಿ ಉಲ್ಲೇಖ ಸಿಕ್ಕ ಪೇಪರ್‌ಗಳಲ್ಲಿ ಮೇಲಿರುವುದು ಆಲಿವರ್ ಲೌರಿ ಮತ್ತು ಜೊತೆಗಾರರು 1951ರಲ್ಲಿ ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ನೀವೂ ಎಂ.ಎಸ್ಸಿ. ಲ್ಯಾಬ್‌ನಲ್ಲಿ ನೀಲಿ ಬಣ್ಣ ಬರಿಸಿ ಮಾಡಿರುತ್ತೀರಿ. 3 ಲಕ್ಷಕ್ಕೂ ಜಾಸ್ತಿ ಉಲ್ಲೇಖ. ಅದೇನೂ ಮಹಾ ಪೇಪರ್ ಅಲ್ಲ ಅಂತ ತನಗೇ ಗೊತ್ತು, ಆದರೂ ಒಳಗೊಳಗೇ ಖುಷಿಯಾಗುತ್ತದೆ ಅಂತ ಲೌರಿ ಬರೆದುಕೊಂಡಿದ್ದರು. ನನಗೆ ಇಷ್ಟವಾದ ಪ್ರಾಮಾಣಿಕತೆ ಅದು.

ಹಾಗಂತ "ಈ ಅಂಕಿ ಎಲ್ಲ ಬೋಗಸ್" ಅನ್ನುವವರ ಜೊತೆಗೂ ನಾನಿಲ್ಲ. ಸೈಟೇಶನ್ ಸೂಚಿ ಹುಟ್ಟಿದ್ದೇ ನಮ್ಮಂಥವರ ಉಪಯೋಗಕ್ಕೆ. ಯೂಜೀನ್ ಗಾರ್ಫೀಲ್ಡ್ ಅಂತ ಫಿಲಡೆಲ್ಫಿಯಾದವರು. ಅಮೆರಿಕದ ವಕೀಲರು ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿ ಹೇಳಿದ್ದಾರೆ ಅಂತ ಹುಡುಕಲು ಒಂದು ಪುಸ್ತಕ ಇಟ್ಟುಕೊಂಡಿದ್ದರು. ಅದನ್ನು ನೋಡಿ ಗಾರ್ಫೀಲ್ಡ್‌ಗೆ ವಿಜ್ಞಾನಕ್ಕೂ ಹೀಗೆ ಮಾಡಬಹುದಲ್ಲ ಅನ್ನಿಸಿತು. 1955ರಲ್ಲಿ ಐಡಿಯಾ ಬರೆದರು, 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಒಂದು ಪೇಪರ್ ಹಿಡಿದು ಅದರಿಂದ ಮುಂದೆ ಯಾರು ಯಾರು ಕೆಲಸ ಮಾಡಿದರು ಅಂತ ಹುಡುಕುವುದು, ಯಾವ ಜರ್ನಲ್ ತರಿಸಬೇಕು ಅಂತ ತೀರ್ಮಾನಿಸುವುದು, ಇದಕ್ಕೆಲ್ಲ ಅದು ಚಿನ್ನದಂಥ ಸಾಧನ. ಇವತ್ತಿಗೂ. ಮನುಷ್ಯರನ್ನು ಸಾಲಾಗಿ ನಿಲ್ಲಿಸಲು ಅದನ್ನು ತಿರುಗಿಸಿದ ಮೇಲೆ ತಕರಾರು ಶುರುವಾಯಿತು.

ಬೋರ್ಡೋ ಮಾಡುವಾಗ ನಮ್ಮಲ್ಲಿ ಹೊಳೆಯುವ ಚಾಕು ಅದ್ದಿ ನೋಡುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಒಳ್ಳೆಯ ಪರೀಕ್ಷೆ, ಬಿಡುವ ಹಾಗಿಲ್ಲ. ಆದರೆ ಚಾಕು ಹೇಳುವುದು ಸುಣ್ಣದ ಸಂಗತಿ ಮಾತ್ರ. ಈ ವರ್ಷ ಕೊಳೆ ಬರುತ್ತಾ, ಅಡಿಕೆ ಕೊನೆಗೆ ಮದ್ದು ಸರಿಯಾಗಿ ಕೂತಿದೆಯಾ ಅಂತ ಚಾಕುವನ್ನು ಕೇಳಿ ಏನು ಪ್ರಯೋಜನ?

ಈಗ ಆ ಶೇ. 2ರ ಪಟ್ಟಿ. ಇದರ ಬಗ್ಗೆ ನನ್ನನ್ನು ಜನ ಕೇಳಿದಷ್ಟು ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. ಪ್ರತಿ ವರ್ಷ ಪಟ್ಟಿ ಬಂದ ವಾರ ಪೇಪರ್‌ನಲ್ಲಿ ಫೋಟೋ, ಬಸ್ ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್. "ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಆಯ್ಕೆ ಮಾಡಿದ ವಿಶ್ವದ ಶ್ರೇಷ್ಠ ವಿಜ್ಞಾನಿ" ಅಂತ ಬರೆದಿರುತ್ತಾರೆ. ಯಾರೂ ಕೂತು ಆಯ್ಕೆ ಮಾಡಿದ್ದಲ್ಲ ಅದು. ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಜಾನ್ ಅಯೊಅನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಶುರು ಮಾಡಿದ ಲೆಕ್ಕ. ಡೇಟಾ ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಅನ್ನುವ ಸೈಟೇಶನ್ ಡೇಟಾಬೇಸ್‌ನದು. ಕಂಪ್ಯೂಟರ್ ಎಣಿಸುತ್ತದೆ, ಎಕ್ಸೆಲ್ ಶೀಟ್ ಹೊರಬರುತ್ತದೆ. ಅರ್ಜಿ ಇಲ್ಲ, ಸಂದರ್ಶನ ಇಲ್ಲ, ಪ್ರಶಸ್ತಿ ಅಲ್ಲ.

ಆದರೆ ಲೆಕ್ಕ ಮಾಡಿದವರು ದಡ್ಡರಲ್ಲ. ಬರೀ ಎಚ್-ಇಂಡೆಕ್ಸ್ ಸಾಲದು ಅಂತ ಆರು ಅಳತೆ ಸೇರಿಸಿ ಒಂದು ಅಂಕ ಮಾಡಿದ್ದಾರೆ. ಒಟ್ಟು ಉಲ್ಲೇಖ ಎಷ್ಟು, ಎಚ್-ಇಂಡೆಕ್ಸ್ ಎಷ್ಟು, ಹತ್ತು ಜನ ಸೇರಿ ಬರೆದ ಪೇಪರನ್ನು ಹತ್ತು ಜನಕ್ಕೆ ಹಂಚಿದರೆ ಅದೇ ಇಂಡೆಕ್ಸ್ ಎಷ್ಟಾಗುತ್ತದೆ, ಒಬ್ಬರೇ ಬರೆದದ್ದಕ್ಕೆ, ಮೊದಲ ಹೆಸರಿದ್ದದ್ದಕ್ಕೆ, ಕೊನೆಯ ಹೆಸರಿದ್ದದ್ದಕ್ಕೆ ಎಷ್ಟು ಸಿಕ್ಕಿದೆ, ಹೀಗೆ. ಈ ಹಂಚುವ ಕೆಲಸ ಬೇಕೇ ಬೇಕು. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಒಂದು ಪೇಪರ್‌ಗೆ 5,154 ಲೇಖಕರಿದ್ದರು. ಅಷ್ಟೂ ಜನರ ಲೆಕ್ಕಕ್ಕೆ ಅದು ಪೂರ್ತಿ ಒಂದೊಂದು ಪೇಪರ್ ಅಂತ ಸೇರಿದರೆ ಹೇಗಿರುತ್ತದೆ ಯೋಚಿಸಿ.

ವಿಜ್ಞಾನವನ್ನು 174 ಉಪವಿಭಾಗ ಮಾಡಿ ಒಳಗೊಳಗೇ ಹೋಲಿಸಿದ್ದಾರೆ. ಅದೂ ಒಳ್ಳೆಯದೇ. ಕಳವಳ ಇರುವುದು ಎರಡು ಕಡೆ. ಶೇ. 2 ಅಂದರೆ ಯಾರಲ್ಲಿ ಶೇ. 2? ಕನಿಷ್ಠ ಐದು ಪೇಪರ್ ಇರುವ ಎಲ್ಲರಲ್ಲಿ. ಆ ಸಾಲಿನಲ್ಲಿ ಐದು ಪೇಪರ್ ಬರೆದು ನೌಕರಿ ಬದಲಿಸಿದವರೂ ಇರುತ್ತಾರೆ. ಪಟ್ಟಿಯಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆಸರಿವೆ. ಇನ್ನೊಂದು, ಪಟ್ಟಿ ಒಂದಲ್ಲ, ಎರಡು. ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷ ಬಂದ ಉಲ್ಲೇಖದ್ದು ಇನ್ನೊಂದು. ಒಂದು ವರ್ಷದ ಪಟ್ಟಿ ಸೇರುವುದು ಸುಲಭ, ಅಂಕಿ ಉಬ್ಬಿಸಿ ಸೇರಿಕೊಳ್ಳುವುದೂ ಸುಲಭ. ಫ್ಲೆಕ್ಸ್ ಮೇಲೆ ಯಾವ ಪಟ್ಟಿ ಅಂತ ಬರೆದದ್ದನ್ನು ನಾನು ಇದುವರೆಗೆ ನೋಡಿಲ್ಲ.

ಆ ಶೀಟ್ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಮೊದಲನೇ ಗೈಡ್ ಸಾಲು ಹುಡುಕಿ, ಸ್ವಂತ ಉಲ್ಲೇಖದ ಶೇಕಡಾ ತೋರಿಸುವ ಕಾಲಮ್ ನೋಡಿ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸುವುದು ತಪ್ಪೇನಲ್ಲ. ಹಿಂದಿನ ಕೆಲಸದ ಮೇಲೇ ಮುಂದಿನದು ನಿಲ್ಲುವುದು ತಾನೆ? ಹತ್ತು, ಹದಿನೈದು ಕಂಡರೆ ನನಗೇನೂ ಅನ್ನಿಸುವುದಿಲ್ಲ. ನಲವತ್ತು ಕಂಡರೆ ಕುರ್ಚಿ ಹತ್ತಿರ ಎಳೆದುಕೊಂಡು ಉಳಿದದ್ದನ್ನೂ ನೋಡುತ್ತೇನೆ. ಸ್ವಂತ ಉಲ್ಲೇಖ ತೆಗೆದ ರ‍್ಯಾಂಕ್ ಮತ್ತು ಸೇರಿಸಿದ ರ‍್ಯಾಂಕ್ ಎರಡೂ ಶೀಟ್‌ನಲ್ಲಿವೆ. ನಡುವಿನ ಅಂತರ ನೋಡಿ. ಇತ್ತೀಚಿನ ಪಟ್ಟಿಗಳಲ್ಲಿ ಹಿಂತೆಗೆದ (ತಪ್ಪು ಅಥವಾ ಮೋಸ ಕಂಡು ಜರ್ನಲ್ ವಾಪಸ್ ತೆಗೆದ) ಪೇಪರ್ ಎಷ್ಟು ಅನ್ನುವುದೂ ಇದೆ.

ಅಂಕಿಯನ್ನು ಉಬ್ಬಿಸಲು ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2010ರಲ್ಲಿ ಫ್ರಾನ್ಸ್‌ನ ಸಿರಿಲ್ ಲಾಬೆ ಅನ್ನುವವರು ಐಕ್ ಆಂಟ್ಕೇರ್ ಅಂತ ಇಲ್ಲದ ವಿಜ್ಞಾನಿಯೊಬ್ಬನನ್ನು ಹುಟ್ಟಿಸಿದರು. ಕಂಪ್ಯೂಟರ್‌ನಿಂದ ಅರ್ಥವಿಲ್ಲದ ನೂರು ಪೇಪರ್ ಬರೆಸಿ, ಒಂದು ಇನ್ನೊಂದನ್ನು ಉಲ್ಲೇಖಿಸುವಂತೆ ಮಾಡಿ ಇಂಟರ್ನೆಟ್‌ಗೆ ಹಾಕಿದರು. ಪೇಪರ್‌ಗಳನ್ನು ಹುಡುಕಿ ಉಲ್ಲೇಖ ಎಣಿಸುವ ಗೂಗಲ್ ಸ್ಕಾಲರ್ ಅವನ್ನು ಎಣಿಸಿತು. ಎಚ್-ಇಂಡೆಕ್ಸ್ 94! ಐನ್‌ಸ್ಟೈನ್ ಅವರಿಗಿಂತ ಮೇಲೆ. ಇದೇ ಚಾಳಿ ಈಗಲೂ ನಡೆಯುತ್ತದೆ ಅಂತ ತೋರಿಸಲು 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಅನ್ನುವ ಬೆಕ್ಕನ್ನು ಇದೇ ದಾರಿಯಲ್ಲಿ ಲೇಖಕನನ್ನಾಗಿ ಮಾಡಿದರು. ಬೆಕ್ಕಿಗೂ ಪ್ರೊಫೈಲ್, ಬೆಕ್ಕಿಗೂ ಎಚ್-ಇಂಡೆಕ್ಸ್. ತಮಾಷೆ ಬಿಟ್ಟರೆ, 2023ರಲ್ಲಿ ಕ್ಲಾರಿವೇಟ್ ಕಂಪನಿ ತನ್ನ 'ಹೈಲಿ ಸೈಟೆಡ್' ಸಂಶೋಧಕರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಟ್ಟಿತು. ಗಣಿತದಲ್ಲಿ ಉಲ್ಲೇಖಗಳು ಮೊದಲೇ ಕಡಿಮೆ. ನಾಲ್ಕು ಜನ ಸೇರಿ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡರೆ ಪಟ್ಟಿಯೇ ಅಲ್ಲಾಡಿಬಿಡುತ್ತದೆ.

ಮೋಸ ಇಲ್ಲದೆಯೂ ಅಂಕಿ ತಪ್ಪಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದು ಜಾಸ್ತಿ. ಹೆಗಡೆ, ಭಟ್, ನಾಯ್ಕ, ನಾಯಕ, ಗಾಂವ್ಕರ್. ಇನಿಷಿಯಲ್ ಒಂದೇ ಇದ್ದರೆ ಮುಗಿಯಿತು. ಕಾಳುಮೆಣಸಿನ ರೋಗದ ಮೇಲೆ ಕೆಲಸ ಮಾಡಿದ ಹೆಗಡೆಯವರೊಬ್ಬರು ಒಂದು ದಿನ ಫೈಲ್ ತಂದಿದ್ದರು. ಗೂಗಲ್ ಸ್ಕಾಲರ್‌ನಲ್ಲಿ 31 ಇದೆ ಅಂತ ಖುಷಿ. ಇಬ್ಬರೂ ಕೂತು ಒಂದೊಂದೇ ಸಾಲು ನೋಡುತ್ತಾ ಹೋದೆವು. ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಬಂತು. "ಇದು ನಿಮ್ಮದಾ?" ಅಂದೆ. ಅಲ್ಲ ಅಂದರು. ಆಮೇಲೆ ಸಿಮೆಂಟಿನ ಗಟ್ಟಿತನ, ಆಮೇಲೆ ಮಕ್ಕಳ ಹಲ್ಲು. ಒಂದೊಂದಕ್ಕೂ ಟಿಕ್ ಹಾಕಿ ತೆಗೆದೆವು. ಕೊನೆಗೆ ಉಳಿದದ್ದು 14. ಅವರು ಸ್ವಲ್ಪ ಹೊತ್ತು ಪರದೆ ನೋಡಿ, "ಹೋಗಲಿ, ಒಂದು ಚಾ ಕುಡಿಯೋಣ" ಅಂದರು. ಆ ಮನುಷ್ಯ ಪ್ರಾಮಾಣಿಕ. ಯಂತ್ರ ಸೇರಿಸಿತ್ತು, ಅವರು ಗಮನಿಸಿರಲಿಲ್ಲ. ಇನ್ನೊಬ್ಬರ ಕಥೆ ಇದರ ಉಲ್ಟಾ. ಮದುವೆಗೆ ಮೊದಲಿನ ಪೇಪರ್ ಒಂದು ಅಡ್ಡಹೆಸರಲ್ಲಿ, ಆಮೇಲಿನದು ಇನ್ನೊಂದರಲ್ಲಿ. ಯಂತ್ರದ ಕಣ್ಣಿಗೆ ಅವರು ಇಬ್ಬರು ಹೆಂಗಸರು, ಇಬ್ಬರದೂ ಅಂಕಿ ಕಡಿಮೆ.

ಅದಕ್ಕೇ ನಿಮಗೆ ಒಂದು ಕೆಲಸ. ಒಂದೇ ಪೇಪರ್ ಇದ್ದರೂ ಇವತ್ತೇ ಆರ್ಕಿಡ್ (ORCID) ನಂಬರ್ ಮಾಡಿಸಿಕೊಳ್ಳಿ. ಸಂಶೋಧಕರಿಗೆ ಕೊಡುವ ಹದಿನಾರು ಅಂಕಿಯ ಗುರುತು, ಪುಕ್ಕಟೆ, ಹತ್ತು ನಿಮಿಷ. ಇಂಗ್ಲಿಷ್‌ನಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಈಗಲೇ ನಿರ್ಧರಿಸಿ, ಎಲ್ಲ ಕಡೆ ಹಾಗೇ ಬರೆಯಿರಿ. ಮದುವೆಯಾದ ಮೇಲೂ.

ಇನ್ನು ನಿಮ್ಮ ಇಬ್ಬರು ಗೈಡ್.

ಮೊದಲನೆಯವರ ಪಟ್ಟಿ ನೋಡಿದೆ. ಕಳೆದ ಮೂರು ವರ್ಷದಲ್ಲೇ 170 ಪೇಪರ್. ವಾರಕ್ಕೆ ಒಂದಕ್ಕಿಂತ ಜಾಸ್ತಿ. ಅಯೊಅನಿಡಿಸ್ ಅವರೇ 2018ರಲ್ಲಿ ವರ್ಷಕ್ಕೆ 72ಕ್ಕಿಂತ ಜಾಸ್ತಿ ಪೇಪರ್ ಬರೆಯುವವರ ಬಗ್ಗೆ ಬರೆದಿದ್ದರು. ಐದು ದಿನಕ್ಕೊಂದು ಲೆಕ್ಕ. ಇವರು ಅಷ್ಟಿಲ್ಲ, ಆದರೆ ಆ ದಾರಿಯಲ್ಲಿದ್ದಾರೆ. ಇದರಿಂದ ಅವರು ತಪ್ಪು ಮಾಡಿದ್ದಾರೆ ಅಂತ ಆಗುವುದಿಲ್ಲ. ದೊಡ್ಡ ಲ್ಯಾಬ್, ಹತ್ತಾರು ಕಡೆ ಸಹಯೋಗ ಇದ್ದರೆ ಹೆಸರು ಸೇರುತ್ತಾ ಹೋಗುತ್ತದೆ. ನನ್ನ ಪ್ರಶ್ನೆ ಬೇರೆ. ವಾರಕ್ಕೊಂದು ಪೇಪರ್‌ಗೆ ಹೆಸರು ಹಾಕುವವರು ನಿಮ್ಮ ಕರಡನ್ನು ಯಾವಾಗ ಓದುತ್ತಾರೆ?

ಅಲ್ಲಿಗೆ ಹೋದರೆ ಲಾಭವೂ ಇದೆ, ಅದನ್ನು ಮುಚ್ಚಿಡಬಾರದು. ಉಪಕರಣ ಇರುತ್ತದೆ. ಐದು ವರ್ಷದಲ್ಲಿ ನಿಮ್ಮ ಹೆಸರಲ್ಲೂ ಎಂಟು ಹತ್ತು ಪೇಪರ್ ಆಗಬಹುದು. ನೌಕರಿ ಸಂದರ್ಶನದಲ್ಲಿ ಅಂಕ ಎಣಿಸುವ ಸಮಿತಿಗಳು ಇವತ್ತಿಗೂ ಇವೆ, ಅವಕ್ಕೆ ಸಂಖ್ಯೆ ಇಷ್ಟ. ವಿದೇಶಕ್ಕೆ ಹೋಗಬೇಕಾದರೆ ಪರಿಚಯ ಸಿಗುತ್ತದೆ. ಅಪಾಯ ಅಂದರೆ, ಇಪ್ಪತ್ತು ಜನರ ನಡುವೆ ನೀವು ಒಬ್ಬ ಕೈಯಾಳು ಆಗಿ ಉಳಿಯಬಹುದು. ಇನ್ನೊಂದು ದೊಡ್ಡ ಅಪಾಯ, ಲ್ಯಾಬಿನ ಯಾವುದೋ ಪೇಪರ್ ನಾಳೆ ಹಿಂತೆಗೆದರೆ ಅದರಲ್ಲಿ ನಿಮ್ಮ ಹೆಸರೂ ಇರುತ್ತದೆ. ಹೋಗುವ ಮೊದಲು ಹಿಂತೆಗೆದ ಪೇಪರ್‌ಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ಅವರ ಹೆಸರು ಹಾಕಿ ನೋಡಿ. ಪೇಪರ್‌ಗಳ ಮೇಲೆ ಓದುಗರು ಟೀಕೆ ಬರೆಯುವ ಪಬ್‌ಪಿಯರ್ ಜಾಲತಾಣದಲ್ಲೂ ನೋಡಿ. ಏನೂ ಬರದಿದ್ದರೆ ಒಳ್ಳೆಯದು.

ಎರಡನೆಯವರ ವಿಷಯದಲ್ಲೂ ನೇರ ಹೇಳುತ್ತೇನೆ. ಇಪ್ಪತ್ತು ವರ್ಷಕ್ಕೆ 11 ಅನ್ನುವುದು ಈ ಸಣ್ಣ ಕ್ಷೇತ್ರದಲ್ಲೂ ಭಾರಿ ಅಂಕಿಯೇನಲ್ಲ. ಸಾಧಾರಣ. ಆದರೆ ಪಟ್ಟಿಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಆ 38ರಲ್ಲಿ 23 ಪೇಪರ್‌ಗಳ ಮೊದಲ ಹೆಸರು ಬೇರೆಯವರದು, ಇವರದು ಕೊನೆಯಲ್ಲಿ. ಜೀವಶಾಸ್ತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಗೈಡ್‌ದು. 143 ಉಲ್ಲೇಖದ ಆ ಪೇಪರ್‌ನಲ್ಲೂ ಹಾಗೇ ಇದೆ. ವಿದ್ಯಾರ್ಥಿಯನ್ನು ಮುಂದೆ ನಿಲ್ಲಿಸುವ ಗೈಡ್ ಇವರು ಅಂತ ಕಾಣುತ್ತದೆ. ಇದು ಯಾವ ರ‍್ಯಾಂಕಿಂಗ್‌ನಲ್ಲೂ ಬರುವುದಿಲ್ಲ. ನೋಡಿ, ಮೊದಲನೆಯವರ ಪಟ್ಟಿಯಲ್ಲೂ ಇದನ್ನೇ ಎಣಿಸಿ. ಅಲ್ಲಿ ಮೊದಲ ಹೆಸರುಗಳು ಯಾರವು, ಅದೇ ಹೆಸರು ಎಷ್ಟು ವರ್ಷ ಬರುತ್ತದೆ, ಆಮೇಲೆ ಅವರು ಎಲ್ಲಿ ಹೋದರು?

ಇಲ್ಲಿರುವ ಅಪಾಯಗಳು ಬೇರೆ ತರಹದವು. ಉಪಕರಣ ಕಡಿಮೆ. ಕೆಲಸ ಇಳಿತದ ಸಮಯಕ್ಕೆ, ಮಳೆಗಾಲಕ್ಕೆ, ಬಳಚು ಬಲಿಯುವ ತಿಂಗಳಿಗೆ ಕಾಯಬೇಕು. ಒಂದು ಹಂಗಾಮು ತಪ್ಪಿದರೆ ಒಂದು ವರ್ಷ ಹೋಯಿತು. ಐದು ವರ್ಷಕ್ಕೆ ಮೂರು ಪೇಪರ್ ಆದರೆ ಪುಣ್ಯ. ಎಲ್ಲಕ್ಕಿಂತ ಮುಖ್ಯ, ಅವರ ನಿವೃತ್ತಿ ಯಾವಾಗ ಅಂತ ಕೇಳಿ. ಯುಜಿಸಿಯ 2022ರ ನಿಯಮದ ಪ್ರಕಾರ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿದ್ದರೆ ಹೊಸ ವಿದ್ಯಾರ್ಥಿ ತೆಗೆದುಕೊಳ್ಳುವ ಹಾಗಿಲ್ಲ. ಮೂರಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ನಿಯಮದಲ್ಲಿ ಸರಿ, ನಿಮಗೆ ಸರಿಯಲ್ಲ. ಮಧ್ಯದಲ್ಲಿ ಗೈಡ್ ಬದಲಾದರೆ ಏನೇನು ಅನುಭವಿಸಬೇಕು ಅಂತ ನಮ್ಮ ಟೇಬಲ್ ಮುಂದೆ ಕೂತು ಅತ್ತವರನ್ನು ಕಂಡಿದ್ದೇನೆ. ಅದೇ ನಿಯಮದಲ್ಲಿ ಪ್ರೊಫೆಸರ್ ಒಬ್ಬರಿಗೆ ಒಂದೇ ಸಲಕ್ಕೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಪಿಎಚ್.ಡಿ. ವಿದ್ಯಾರ್ಥಿಗಳು ಅಂತ ಮಿತಿ ಇದೆ. ಇಬ್ಬರ ಹತ್ತಿರವೂ ಸೀಟ್ ನಿಜವಾಗಿ ಖಾಲಿ ಇದೆಯಾ ಅಂತ ಬರಹದಲ್ಲಿ ಕೇಳಿ.

ಆಮೇಲೆ ಶೋಧಗಂಗಾ ತೆರೆಯಿರಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಥೀಸಿಸ್ ಭಂಡಾರ ಅದು. ಗೈಡ್ ಹೆಸರಲ್ಲಿ ಹುಡುಕಿ. ಎಷ್ಟು ಜನ ಮುಗಿಸಿದ್ದಾರೆ, ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ ಅಂತ ತಿಳಿಯುತ್ತದೆ. ಒಂದು ಥೀಸಿಸ್ ಇಳಿಸಿಕೊಂಡು ಮೊದಲ ಅಧ್ಯಾಯ ಓದಿ. ಗೈಡ್ ಓದಿದ್ದಾರಾ ಇಲ್ಲವಾ ಅಂತ ಹತ್ತು ಪುಟದಲ್ಲಿ ಗೊತ್ತಾಗಿಬಿಡುತ್ತದೆ. ಎಚ್-ಇಂಡೆಕ್ಸ್ ನೋಡಲು ಹಿಡಿಯುವ ಸಮಯಕ್ಕಿಂತ ಜಾಸ್ತಿ ಹಿಡಿಯುತ್ತದೆ, ಒಪ್ಪುತ್ತೇನೆ.

ಮೂರನೇ ದಾರಿಯೂ ಒಂದಿದೆ, ನೀವು ಅದನ್ನು ಬರೆದಿಲ್ಲ. ಎರಡನೆಯವರು ಗೈಡ್, ಉಪಕರಣ ಇರುವ ಕಡೆಯ ಒಬ್ಬರು ಸಹ-ಗೈಡ್. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಕಾರವಾರದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರಬಹುದು. ಕಾರವಾರದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರ ಇದೆ. ಜೆಆರ್‌ಎಫ್ ಇರುವುದರಿಂದ ನಿಮ್ಮ ದುಡ್ಡು ನಿಮ್ಮ ಕೈಯಲ್ಲೇ ಇದೆ, ಇಂಥ ವ್ಯವಸ್ಥೆ ಕೇಳುವ ಧೈರ್ಯ ಮಾಡಬಹುದು. ಒಪ್ಪಿಗೆ ಸಿಗಲು ತಿಂಗಳುಗಟ್ಟಲೆ ಓಡಾಡಬೇಕಾದೀತು, ಅದೊಂದು ಕಿರಿಕಿರಿ.

ಬಳಚಿನ ಕೆಲಸಕ್ಕೆ ಭವಿಷ್ಯ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಅಂಥ ಪಟ್ಟಿ ಸೇರಬೇಕಾದರೆ ಆ ನೀರಲ್ಲಿ, ಆ ಕೆಸರಲ್ಲಿ ಏನೇನು ಜೀವ ಇದೆ ಅಂತ ಯಾರೋ ಬಗ್ಗಿ ಎಣಿಸಿರಬೇಕು. ಸೇರಿದ ಮೇಲೆ ನೋಡಿಕೊಳ್ಳಲೂ ಎಣಿಸುವವರು ಬೇಕು.

ನನ್ನನ್ನು ಕೇಳಿದರೆ, ನಿವೃತ್ತಿಗೆ ಆರು ವರ್ಷವಾದರೂ ಇದ್ದು, ಶೋಧಗಂಗಾದಲ್ಲಿ ವಿದ್ಯಾರ್ಥಿಗಳು ಮುಗಿಸಿದ್ದು ಕಂಡರೆ, ಎರಡನೆಯವರ ಕಡೆ ಹೋಗಿ ಅನ್ನುತ್ತೇನೆ. ಇದರಲ್ಲಿ ಒಂದು ತಪ್ಪಿದರೂ ಮೊದಲನೆಯವರನ್ನು ಮತ್ತೆ ಗಂಭೀರವಾಗಿ ನೋಡಿ. ಮಾವನಿಗೆ ಬೇಕಾದರೆ ಈ ಉತ್ತರ ತೋರಿಸಿ.

ಆ ಇಮೇಲ್ ಅಳಿಸಿಹಾಕಿ. ಶೇ. 2ರ ಪಟ್ಟಿಗೂ, ಕ್ಲಾರಿವೇಟ್ ಪಟ್ಟಿಗೂ ಯಾರೂ ವಿಜ್ಞಾನಿಗಳಿಂದ ಹಣ ಕೇಳುವುದಿಲ್ಲ. ಕೇಳಿದರೆ ಅದು ಅಂಗಡಿ.

ತೀರ್ಮಾನ ಮಾಡುವ ಮೊದಲು ಇಬ್ಬರ ಲ್ಯಾಬಿನಿಂದಲೂ ಒಬ್ಬೊಬ್ಬ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿ. ಈಗ ಅಲ್ಲೇ ಇರುವವರು ಬೇಡ, ಅವರು ಹೆದರಿಕೊಂಡು ಒಳ್ಳೆಯದನ್ನೇ ಹೇಳುತ್ತಾರೆ. ಮುಗಿಸಿ ಹೋದವರು ಬೇಕು. "ಸರ್ ಹೇಗೆ?" ಅಂತ ಕೇಳಬೇಡಿ. "ನಿಮ್ಮ ಡೇಟಾ ತಪ್ಪಿದಾಗ ಅವರು ಏನು ಮಾಡಿದರು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಆ ಕಡೆಯವರು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ ಗಮನಿಸಿ.